ಬೀದರಿನ ಒಂದು ಓಣಿಯ ಕ್ರಿಸ್‌ಮಸ್ ದೀಪಾಲಂಕಾರ: ಕಡಿಮೆ ಖರ್ಚಿನಲ್ಲಿ ಕೇಬಲ್ ಖರೀದಿಯ ಒಂದು ಪ್ರಕರಣ ಅಧ್ಯಯನ

ಬೀದರ ನಗರದ ಹಳೆಯ ಭಾಗದಲ್ಲಿರುವ ಒಂದು ಚರ್ಚಿನ ಸಮಿತಿಯು ಪ್ರತಿ ವರ್ಷ ಡಿಸೆಂಬರ್ ಮೊದಲ ವಾರದಿಂದ ಹೊಸ ವರ್ಷದವರೆಗೆ ಚರ್ಚಿನ ಮುಂಭಾಗಕ್ಕೆ, ಅದರ ಅಂಗಳಕ್ಕೆ ಮತ್ತು ಮುಖ್ಯ ರಸ್ತೆಯಿಂದ ಅಲ್ಲಿಗೆ ಬರುವ ಓಣಿಗೆ ದೀಪಾಲಂಕಾರ ಮಾಡಿಸುತ್ತದೆ. ಆ ಅಲಂಕಾರಕ್ಕೆ ಬೇಕಾದ ಕೇಬಲ್, ಎಕ್ಸ್‌ಟೆನ್ಷನ್ ಬೋರ್ಡು ಮತ್ತು ರಕ್ಷಣಾ ಸಾಧನಗಳನ್ನು ₹18,000 ಮಿತಿಯೊಳಗೆ ಹೇಗೆ ಕೊಳ್ಳಲಾಯಿತು, ಯಾವುದನ್ನು ಏಕೆ ಬಿಡಲಾಯಿತು, ಕೊಂಡದ್ದು ಹೇಗೆ ಕೆಲಸ ಮಾಡಿತು ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ. ವಿದ್ಯುತ್ ವಿಷಯವನ್ನು ಪಾಠ ಮಾಡುವವನೆಂಬ ಕಾರಣಕ್ಕೆ ಸಮಿತಿಯವರು ನನ್ನನ್ನು ಕರೆದಿದ್ದರು. ಖರೀದಿಯ ಉದ್ದಕ್ಕೂ ನಾನು ಅವರ ಜೊತೆಗಿದ್ದೆ.

ಹಿಂದಿನ ವರ್ಷ ನಡೆದದ್ದು

ಸಮಿತಿಯವರು ಸಲಹೆ ಕೇಳಲು ಒಂದು ಗಟ್ಟಿ ಕಾರಣವಿತ್ತು. ಹಿಂದಿನ ವರ್ಷ ಡಿಸೆಂಬರಿನ ಒಂದು ಬೆಳಗಿನ ಜಾವ, ಓಣಿಯ ಬಾಯಿಗೆ ನಿಲ್ಲಿಸಿದ್ದ ಕಬ್ಬಿಣದ ಕಮಾನನ್ನು ಮುಟ್ಟಿದ ಹುಡುಗನೊಬ್ಬನಿಗೆ ಶಾಕ್ ಹೊಡೆದಿತ್ತು. ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದುದರಿಂದ ಕೈ ಜುಮ್ಮೆಂದು ಹಿಂದೆ ಬಂದಿತೇ ಹೊರತು ಹೆಚ್ಚಿನ ಅಪಾಯವಾಗಲಿಲ್ಲ. ಕೂಡಲೇ ಸ್ವಿಚ್ ತೆಗೆದು ಆ ವರ್ಷದ ಮಟ್ಟಿಗೆ ಕಮಾನನ್ನು ಕತ್ತಲಲ್ಲೇ ಇಡಲಾಯಿತು. ಮೀಟರ್ ಕೋಣೆಯಲ್ಲಿ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, ಇದ್ದರೂ ಅದು ಬೀಳಲಿಲ್ಲವೇಕೆ ಎಂಬ ಪ್ರಶ್ನೆಗೆ ಯಾರೂ ಉತ್ತರ ಹೇಳಿರಲಿಲ್ಲ.

ಕಮಾನು ಇನ್ನೂ ಚರ್ಚಿನ ಹಿತ್ತಲಲ್ಲೇ ಇದ್ದುದರಿಂದ ಅದನ್ನು ನೋಡಿದಾಗ ಕಾರಣ ಸ್ಪಷ್ಟವಾಯಿತು. ಕಮಾನಿನ ಎರಡೂ ಕಾಲುಗಳನ್ನು ಇಪ್ಪತ್ತು ಲೀಟರಿನ ಬಣ್ಣದ ಡಬ್ಬಿಗಳಲ್ಲಿಟ್ಟು ಸಿಮೆಂಟು ತುಂಬಲಾಗಿತ್ತು. ಪ್ಲಾಸ್ಟಿಕ್ ಡಬ್ಬಿಯ ಒಳಗೆ ನಿಂತ ಕಬ್ಬಿಣಕ್ಕೂ ನೆಲಕ್ಕೂ ಸಂಬಂಧವೇ ಇಲ್ಲ. ಕಮಾನಿನ ಮೇಲೆ ಎರಡೆಳೆಯ ಚಪ್ಪಟೆ ವೈರಿನ ಜೋಡಣೆಯೊಂದಕ್ಕೆ ಸುತ್ತಿದ್ದ ಇನ್ಸುಲೇಷನ್ ಟೇಪು ಅಂಟು ಬಿಟ್ಟು ಸುರುಳಿಯಾಗಿ ಎದ್ದು, ಫೇಸ್ ಎಳೆಯ ಬರಿ ತಾಮ್ರ ಕಬ್ಬಿಣಕ್ಕೆ ತಾಗಿತ್ತು. ವೈರಿನಲ್ಲಿ ಅರ್ಥ್ ಎಳೆ ಇಲ್ಲ, ಕಾಲು ನೆಲಕ್ಕೆ ಮುಟ್ಟಿಲ್ಲ, ಹೀಗಾಗಿ ಸೋರಿದ ವಿದ್ಯುತ್ತಿಗೆ ಹೋಗಲು ದಾರಿಯೇ ಇರಲಿಲ್ಲ. ದಾರಿ ಇಲ್ಲದಿದ್ದರೆ ಕರೆಂಟ್ ಹರಿಯುವುದಿಲ್ಲ, ಹರಿಯದಿದ್ದರೆ ಎಂಸಿಬಿಗೆ ಏನೂ ತಿಳಿಯುವುದಿಲ್ಲ. ಇಡೀ ಕಮಾನು 230 ವೋಲ್ಟಿನಲ್ಲಿ ನಿಂತು, ತನ್ನನ್ನು ನೆಲಕ್ಕೆ ಜೋಡಿಸುವ ಮನುಷ್ಯನೊಬ್ಬನಿಗಾಗಿ ಕಾದಿತ್ತು ಎಂದೇ ಹೇಳಬೇಕು. ದಾರಿ ಇದ್ದಿದ್ದರೂ ಎಂಸಿಬಿ ಕಾಪಾಡುತ್ತಿರಲಿಲ್ಲ ಎಂಬುದನ್ನು ಸಮಿತಿಗೆ ಬಿಡಿಸಿ ಹೇಳಬೇಕಾಯಿತು. 6 ಆಂಪಿಯರಿನ ಎಂಸಿಬಿ 6,000 ಮಿಲಿ ಆಂಪಿಯರನ್ನು ನಿರಾತಂಕವಾಗಿ ಬಿಡುತ್ತದೆ, ಮನುಷ್ಯನ ಎದೆಯ ಮೂಲಕ ಹಾದರೆ 30 ಮಿಲಿ ಆಂಪಿಯರಿನ ಆಚೆಗೆ ಜೀವಕ್ಕೆ ಕುತ್ತು. ಎಂಸಿಬಿ ಇರುವುದು ವೈರನ್ನು ಕಾಯಲು.

ಪೆಟ್ಟಿಗೆಯಲ್ಲಿದ್ದ ಹಳೆಯ ಸಾಮಾನು

ಖರೀದಿಗೆ ಹೊರಡುವ ಮುನ್ನ ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ನೋಡಲಾಯಿತು. ಮಕ್ಕಳ ಬೆರಳಿನ ಗಾತ್ರದ ಗಂಟುಗಳಿದ್ದ ವೈರಿನ ತುಂಡುಗಳು, ಸಡಿಲವಾದ ಯೂನಿವರ್ಸಲ್ ಸಾಕೆಟ್ಟಿನ ಬೋರ್ಡುಗಳು, ಇಲಿ ಕಡಿದ ಸೀರಿಯಲ್ ಸೆಟ್ಟುಗಳು ಅದರಲ್ಲಿದ್ದವು. ಪ್ರತಿ ವರ್ಷ ಆರೇಳು ಸಾವಿರ ರೂಪಾಯಿಯ ಹೊಸ ಸಾಮಾನು ಬಂದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮರುವರ್ಷ ಕೆಲಸಕ್ಕೆ ಬಾರದೆ ಹೋಗುತ್ತಿತ್ತು. ಅಗ್ಗವೆಂದು ಕೊಂಡದ್ದರ ನಿಜವಾದ ಬೆಲೆ ಈ ಪೆಟ್ಟಿಗೆಯಲ್ಲೇ ಕಾಣುತ್ತಿತ್ತು.

ಒಂದು ವಸ್ತುವನ್ನು ಮಾತ್ರ ಪ್ರತ್ಯೇಕವಾಗಿ ಹೇಳಬೇಕು. ಸುಮಾರು ಮೂರು ಮೀಟರ್ ಉದ್ದದ ಒಂದು ವೈರಿನ ಎರಡೂ ತುದಿಗೆ ಪಿನ್ ಟಾಪ್ ಹಾಕಲಾಗಿತ್ತು. ಸೀರಿಯಲ್ ಸೆಟ್ಟನ್ನು ತಿರುವುಮುರುವಾಗಿ ಕಟ್ಟಿ ಮುಗಿಸಿದ ಮೇಲೆ, ಅದನ್ನು ಬಿಚ್ಚುವ ಕಷ್ಟ ತಪ್ಪಿಸಲು ಹುಡುಗರು ಇಂಥ ವೈರು ಮಾಡಿಕೊಳ್ಳುವುದು ನಮ್ಮ ಕಡೆ ಬಹಳ ಸಾಮಾನ್ಯ. ಒಂದು ತುದಿಯನ್ನು ಸಾಕೆಟ್ಟಿಗೆ ಸಿಕ್ಕಿಸಿದ ಕ್ಷಣದಿಂದ ಇನ್ನೊಂದು ತುದಿಯ ಹಿತ್ತಾಳೆ ಪಿನ್ನುಗಳು ಬಯಲಲ್ಲೇ ಜೀವಂತವಾಗಿರುತ್ತವೆ, ಏಣಿಯ ಮೇಲೆ ನಿಂತವನ ಕೈಯಲ್ಲಿ ಅದು ಇದ್ದರೆ ಮುಂದಿನದನ್ನು ಹೇಳಬೇಕಿಲ್ಲ. ಆ ವೈರನ್ನು ಅಲ್ಲೇ ನಡುವೆ ಕತ್ತರಿಸಿ ಎರಡು ತುಂಡು ಮಾಡಲಾಯಿತು. ಇಡೀ ಪೆಟ್ಟಿಗೆಯಿಂದ ಉಳಿಸಿಕೊಂಡದ್ದು 30 ಮೀಟರಿನ ಒಂದು ರೀಲ್ ಬೋರ್ಡು ಮತ್ತು ಕೆಲವು ಫ್ಲಡ್ ಲೈಟುಗಳು ಮಾತ್ರ. ರೀಲ್ ಬೋರ್ಡನ್ನು ಬಳಸುವಾಗ ವೈರನ್ನು ಪೂರ್ತಿ ಬಿಚ್ಚಿಯೇ ಬಳಸಬೇಕು. ಸುತ್ತಿದ ಸುರುಳಿಯೊಳಗೆ ಬಿಸಿ ಹೊರಹೋಗಲು ಜಾಗವಿರುವುದಿಲ್ಲ, ಲೋಡ್ ಹೆಚ್ಚಿದಾಗ ಒಳಸುತ್ತಿನ ಪಿವಿಸಿ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಲೋಡಿನ ಲೆಕ್ಕ

ಸಮಿತಿಯ ಹಿರಿಯರ ಪಟ್ಟಿಯಲ್ಲಿ ಮೊದಲ ಸಾಲೇ ‘ದಪ್ಪ ವೈರು, ನಾಲ್ಕು ಚದರ ಮಿಲಿಮೀಟರ್, 200 ಮೀಟರ್’ ಎಂದಿತ್ತು. ಇದು ಬಲ್ಬುಗಳ ಕಾಲದ ಅನುಭವದಿಂದ ಬಂದ ಮಾತು. 15 ವ್ಯಾಟಿನ ಬಣ್ಣದ ಬಲ್ಬುಗಳನ್ನು ಇನ್ನೂರರಷ್ಟು ತೋರಣ ಕಟ್ಟಿದರೆ 3,000 ವ್ಯಾಟ್, ಅಂದರೆ 13 ಆಂಪಿಯರ್ ಆಗುತ್ತಿತ್ತು, ಆಗ ತೆಳು ವೈರು ನಿಜವಾಗಿಯೂ ಬಿಸಿಯಾಗುತ್ತಿತ್ತು. ಎಲ್‌ಇಡಿ ಬಂದ ಮೇಲೆ ಲೆಕ್ಕ ಬದಲಾಗಿದೆ. ನಮ್ಮ ಪಟ್ಟಿಯಲ್ಲಿ ಐವತ್ತು ಸೀರಿಯಲ್ ಸೆಟ್ಟುಗಳಿಗೆ ಸುಮಾರು 300 ವ್ಯಾಟ್, 60 ಮೀಟರ್ ಸ್ಟ್ರಿಪ್ ಲೈಟಿಗೆ 420, ನಾಲ್ಕು ಫ್ಲಡ್ ಲೈಟಿಗೆ 200, ನಕ್ಷತ್ರಗಳೊಳಗಿನ ಬಲ್ಬಿಗೆ 90, ಒಟ್ಟು ಸಾವಿರ ವ್ಯಾಟಿನ ಆಸುಪಾಸು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ 4.4 ಆಂಪಿಯರ್. ಆದರೆ ಅಗ್ಗದ ಎಲ್‌ಇಡಿಗಳ ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಬಹಳ ಕಡಿಮೆ, ಅದು ಅರ್ಧಕ್ಕೆ ಇಳಿಯುವುದೂ ಉಂಟು. ಆದ್ದರಿಂದ ವೈರಿನಲ್ಲಿ ನಿಜವಾಗಿ ಹರಿಯುವುದು 9 ಆಂಪಿಯರ್ ಎಂದೇ ಹಿಡಿಯಬೇಕು. ಅದನ್ನು ಮೂರು ಕವಲುಗಳಿಗೆ ಹಂಚಿದರೆ ಒಂದೊಂದರಲ್ಲಿ ಎರಡು ಮೂರು ಆಂಪಿಯರ್ ಮಾತ್ರ. ಇಷ್ಟಕ್ಕೆ ಬಿಸಿಯಾಗುವ ಭಯದಿಂದ ನಾಲ್ಕು ಚದರ ಮಿಲಿಮೀಟರ್ ಕೊಳ್ಳುವುದು ಹಣವನ್ನು ತಪ್ಪು ಜಾಗದಲ್ಲಿ ಸುರಿದಂತೆ.

ಇಪ್ಪತ್ತೈದನೆಯ ತಾರೀಖಿನ ಚಹಾಕ್ಕೆ ವಿದ್ಯುತ್ ಕೆಟಲ್ ಇಡುವ ಪ್ರಸ್ತಾಪವೂ ಇತ್ತು. ಒಂದೇ ಕೆಟಲ್ ಇಡೀ ಅಲಂಕಾರಕ್ಕಿಂತ ಹೆಚ್ಚು ವಿದ್ಯುತ್ ಎಳೆಯಬಲ್ಲದು ಎಂದು ಹೇಳಿದ ಮೇಲೆ ಗ್ಯಾಸ್ ಒಲೆ ಎಂದು ತೀರ್ಮಾನವಾಯಿತು.

ಹಾಗಾದರೆ ವೈರಿನ ದಪ್ಪಕ್ಕೆ ಬೆಲೆಯೇ ಇಲ್ಲವೇ ಎಂದು ಒಬ್ಬರು ಕೇಳಿದರು. ಪ್ರಶ್ನೆ ಸರಿಯಾಗಿತ್ತು, ಮತ್ತು ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಮಾತು ಇಲ್ಲಿಯೇ ಇದೆ. ಎಲ್‌ಇಡಿ ಅಲಂಕಾರದಲ್ಲಿ ವೈರಿನ ದಪ್ಪ ಬೇಕಾಗುವುದು ದೀಪ ಉರಿಯುವಾಗ ಅಲ್ಲ, ಶಾರ್ಟ್ ಆದ ಕ್ಷಣದಲ್ಲಿ. ಮೀಟರ್ ಕೋಣೆಯಿಂದ ಓಣಿಯ ತುದಿಗೆ 145 ಮೀಟರ್ ದೂರವಿತ್ತು. 0.75 ಚದರ ಮಿಲಿಮೀಟರಿನ ತಾಮ್ರದ ಫ್ಲೆಕ್ಸಿಬಲ್ ವೈರಿಗೆ ಕಿಲೋಮೀಟರಿಗೆ ಸುಮಾರು 26 ಓಮ್ ರೋಧ. ಹೋಗುವ ಬರುವ ಎರಡೂ ಎಳೆ ಸೇರಿದರೆ ಏಳೂವರೆ ಓಮ್ ಆಗುತ್ತದೆ. ಆ ತುದಿಯಲ್ಲಿ ಪೂರ್ತಿ ಶಾರ್ಟ್ ಆದರೂ ಹರಿಯುವುದು 30 ಆಂಪಿಯರಿನಷ್ಟೇ. ಮನೆಗಳಲ್ಲಿ ಹಾಕುವ ಸಿ ವರ್ಗದ 16 ಆಂಪಿಯರ್ ಎಂಸಿಬಿ ತಟ್ಟನೆ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಹರಿಯಬೇಕು. 30 ಆಂಪಿಯರಿಗೆ ಅದು ಬಿಸಿಯಾಗಿ ನಿಧಾನಕ್ಕೆ ಬೀಳುವವರೆಗೆ ತೆಳುವಾದ ವೈರು ಬೇಯುತ್ತಿರುತ್ತದೆ. ಹೀಗಾಗಿ ಮೂರು ಸಂಗತಿಗಳನ್ನು ಒಟ್ಟಿಗೆ ನೋಡಬೇಕು: ವೈರಿನ ಉದ್ದ, ವೈರಿನ ದಪ್ಪ, ಎಂಸಿಬಿಯ ಗಾತ್ರ. ಎಂಸಿಬಿಯನ್ನು 6 ಆಂಪಿಯರಿಗೆ ಇಳಿಸುವುದಕ್ಕೆ ಇನ್ನೂರು ರೂಪಾಯಿಯೂ ಬೇಡ, ಆದರೆ ಅದರಿಂದ ಸಿಗುವ ರಕ್ಷಣೆ ದೊಡ್ಡದು.

ಉದ್ದ ಕಡಿಮೆ ಮಾಡಿದ ಬಗೆ

ಖರ್ಚು ಉಳಿಸುವ ಮೊದಲ ಜಾಗ ಅಂಗಡಿಯಲ್ಲ, ನಕಾಶೆ. ಹಿಂದಿನ ವರ್ಷಗಳಲ್ಲಿ ಚರ್ಚಿನ ಒಂದೇ ಸಾಕೆಟ್ಟಿನಿಂದ ಹೊರಟು, ಬೋರ್ಡಿಗೆ ಬೋರ್ಡು ಜೋಡಿಸುತ್ತ ಮುಖ್ಯ ರಸ್ತೆಯವರೆಗೂ ವೈರು ಎಳೆಯಲಾಗುತ್ತಿತ್ತು. ಆದರೆ ಓಣಿಯ ಹೊರ ಅರ್ಧದಲ್ಲಿ ಇರುವ ಮನೆಗಳೆಲ್ಲ ಸಭೆಯ ಸದಸ್ಯರವೇ, ಪ್ರತಿ ಮನೆಯ ಮುಂದೆಯೂ ಡಿಸೆಂಬರಿನಲ್ಲಿ ನಕ್ಷತ್ರ ತೂಗುತ್ತದೆ. ಆಯಾ ಮನೆಯ ನಕ್ಷತ್ರ ಮತ್ತು ತೋರಣ ಆಯಾ ಮನೆಯಿಂದಲೇ ಉರಿದರೆ, ಸಮಿತಿಯ ವೈರು ಓಣಿಯ ತಿರುವಿನವರೆಗೆ, ಅಂದರೆ 60 ಮೀಟರಿಗೆ ನಿಲ್ಲುತ್ತದೆ.

ಈ ಸಲಹೆಯನ್ನು ಎಲ್ಲರೂ ಒಪ್ಪಲಿಲ್ಲ. ಮುಖ್ಯ ರಸ್ತೆಯಲ್ಲಿ ನಿಲ್ಲುವ ಕಮಾನೇ ಹಬ್ಬದ ಮುಖ, ಅದನ್ನು ಒಳಗೆ ತಂದರೆ ಊರಿಗೆ ಏನು ಕಾಣುತ್ತದೆ ಎಂದು ಹಿರಿಯರು ಕೇಳಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಕೊನೆಗೆ ಮೂಲೆಮನೆಯವರು ತಮ್ಮ ಮೀಟರಿನಿಂದ ಕಮಾನಿಗೆ ವಿದ್ಯುತ್ ಕೊಡಲು ಒಪ್ಪಿದರು. ಅಲ್ಲಿಗೆ ಪ್ರತ್ಯೇಕವಾದ ಒಂದು ಸಣ್ಣ ರಕ್ಷಣಾ ಪೆಟ್ಟಿಗೆ ಬೇಕಾಯಿತು. ವೈರಿನಲ್ಲಿ 85 ಮೀಟರ್ ಉಳಿದದ್ದರಿಂದ ಸುಮಾರು ಆರು ಸಾವಿರ ಉಳಿಯಿತು, ಹೆಚ್ಚುವರಿ ಪೆಟ್ಟಿಗೆಗೆ ಎರಡೂವರೆ ಸಾವಿರ ಹೋಯಿತು. ಕಂಬದಿಂದ ಕೊಕ್ಕೆ ಹಾಕಿ ಕಮಾನು ಉರಿಸುವ ಮಾತನ್ನು ಯುವಕರೊಬ್ಬರು ಎತ್ತಿದ್ದುಂಟು. ಅದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೆಯ ಕಲಮಿನಂತೆ ವಿದ್ಯುತ್ ಕಳ್ಳತನ, ಅದಕ್ಕಿಂತಲೂ ಹೆಚ್ಚಾಗಿ, ಮೀಟರೂ ಎಂಸಿಬಿಯೂ ಇಲ್ಲದ ಆ ದಾರಿಯಲ್ಲಿ ಶಾರ್ಟ್ ಆದರೆ ತಡೆಯುವ ಸಾಧನವೇ ಇರುವುದಿಲ್ಲ. ಮಾತು ಅಲ್ಲಿಗೇ ಮುಗಿಯಿತು.

ಅಂತಿಮ ನಕಾಶೆಯಲ್ಲಿ ಚರ್ಚಿನ ಮುಂಭಾಗಕ್ಕೆ 40 ಮೀಟರ್, ಅಂಗಳದ ಬೇವಿನ ಮರ ಮತ್ತು ಗೋದಲಿಗೆ 35, ಓಣಿಗೆ 60 ಮೀಟರ್ ಎಂದು ಬರೆಯಲಾಯಿತು. 1.5 ಚದರ ಮಿಲಿಮೀಟರಿನ ತಾಮ್ರಕ್ಕೆ ಕಿಲೋಮೀಟರಿಗೆ 13 ಓಮ್ ಹಿಡಿದರೆ ಓಣಿಯ ಕವಲಿನ ಎರಡೂ ಎಳೆ ಸೇರಿ ಒಂದೂಮುಕ್ಕಾಲು ಓಮಿಗಿಂತ ಕಡಿಮೆ. ಕಂಬದಿಂದ ಮೀಟರಿನವರೆಗಿನ ದಾರಿಗೆ ಒಂದು ಓಮ್ ಸೇರಿಸಿದರೂ ತುದಿಯ ಶಾರ್ಟಿನಲ್ಲಿ 80 ಆಂಪಿಯರಿಗೂ ಹೆಚ್ಚು ಹರಿಯುತ್ತದೆ. 6 ಆಂಪಿಯರಿನ ಸಿ ವರ್ಗದ ಎಂಸಿಬಿ 60 ಆಂಪಿಯರಿಗೆ ಖಚಿತವಾಗಿ ಬೀಳಬೇಕು. ಉದ್ದವನ್ನು ಕಡಿಮೆ ಮಾಡದೆ ಇದ್ದಿದ್ದರೆ ಇದಕ್ಕಿಂತ ಕಡಿಮೆ ಕರೆಂಟಿಗೇ ತಟ್ಟನೆ ಬೀಳುವ ಬಿ ವರ್ಗದ ಎಂಸಿಬಿ ಬೇಕಾಗುತ್ತಿತ್ತು, ಅದು ಬೀದರಿನ ಅಂಗಡಿಗಳಲ್ಲಿ ಕೇಳಿದ ಕೂಡಲೇ ಸಿಗುವ ಮಾಲಲ್ಲ. ಮುಂಭಾಗದ ಕವಲು ಚಿಕ್ಕದಾದುದರಿಂದ ಅದಕ್ಕೆ 1 ಚದರ ಮಿಲಿಮೀಟರ್ ಸಾಕಾಯಿತು.

ಅಂಗಡಿಯಲ್ಲಿ ವೈರನ್ನು ನೋಡಿದ ಬಗೆ

ಮೂರು ದಾರಿಗಳಿದ್ದವು: ಬೀದರಿನ ಬಜಾರ, ಹೈದರಾಬಾದಿನ ಟ್ರೂಪ್ ಬಜಾರ್, ಮತ್ತು ಆನ್‌ಲೈನ್. ನಮ್ಮ ಭಾಗದವರು ವಿದ್ಯುತ್ ಸಾಮಾನಿಗೆ ಹೈದರಾಬಾದಿಗೆ ಹೋಗುವುದು ರೂಢಿ, ಸಗಟು ದರವೂ ಅಲ್ಲಿ ಇಳಿದಿರುತ್ತದೆ. ಆದರೆ 140 ಮೀಟರ್ ವೈರಿಗೆ ಉಳಿಯುವ ಹಣ ಓಡಾಟದ ಖರ್ಚಿಗೆ ಸರಿಹೋಗುತ್ತದೆ, ಮಾಲು ಕೆಟ್ಟಿದ್ದರೆ ಹಿಂತಿರುಗಿಸಲು ಮತ್ತೆ ಹೋಗಬೇಕು. ಆನ್‌ಲೈನಿನಲ್ಲಿ ಕಂಡ ಅಗ್ಗದ ಹತ್ತು ಮೀಟರಿನ ಎಕ್ಸ್‌ಟೆನ್ಷನ್ ಬೋರ್ಡುಗಳ ವಿವರದಲ್ಲಿ ‘ಹೆವಿ ಡ್ಯೂಟಿ’ ಎಂಬ ಮಾತು ದಪ್ಪಕ್ಷರದಲ್ಲಿತ್ತು, ವೈರು ಎಷ್ಟು ಚದರ ಮಿಲಿಮೀಟರ್ ಎಂಬುದು ಎಲ್ಲೂ ಇರಲಿಲ್ಲ. ಈ ಒಂದು ಅಂಕಿ ಬರೆಯದ ಬೋರ್ಡನ್ನು ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಬೀದರಿನಲ್ಲೇ, ಬಿಲ್ಲಿನ ಸಮೇತ ಕೊಳ್ಳುವುದೆಂದಾಯಿತು.

ಮೊದಲ ಅಂಗಡಿಯಲ್ಲಿ ‘40/76’ ಎಂದು ಒಂದು ಎರಡೆಳೆಯ ವೈರನ್ನು ಮುಂದಿಟ್ಟರು. ಇದು ಹಳೆಯ ಅಳತೆಯ ಹೆಸರು. ಒಂದು ಇಂಚಿನ ಹತ್ತು ಸಾವಿರದಲ್ಲಿ 76 ಭಾಗ ದಪ್ಪದ 40 ತಂತಿಗಳು ಒಂದು ಎಳೆಯಲ್ಲಿರಬೇಕು, ಹಾಗಿದ್ದರೆ ಅದು 1.17 ಚದರ ಮಿಲಿಮೀಟರಿಗೆ ಸಮ. ಅದೇ ಲೆಕ್ಕದಲ್ಲಿ 23/76 ಎಂದರೆ 0.67, 14/76 ಎಂದರೆ 0.41. ತುದಿಯಲ್ಲಿ ಅರ್ಧ ಇಂಚು ಪಿವಿಸಿ ಸುಲಿದು, ಎಳೆಯನ್ನು ಬಿಡಿಸಿ ಬಿಳಿ ಕಾಗದದ ಮೇಲೆ ಹರಡಿ ಎಣಿಸಿದಾಗ ತಂತಿಗಳು 22 ಮಾತ್ರ ಇದ್ದವು. ಅದರಲ್ಲಿ ಒಂದನ್ನು ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕೆರೆದಾಗ ಕೆಂಪು ಬಣ್ಣ ಹೋಗಿ ಒಳಗಿನ ಬಿಳಿ ಲೋಹ ಮಿನುಗಿತು. ಲೈಟರಿನ ಉರಿಗೆ ಹಿಡಿದಾಗ ತಂತಿ ಕೂಡಲೇ ಮುದುಡಿ ತುಂಡಾಯಿತು. ತಾಮ್ರವಾಗಿದ್ದರೆ ಕೆಂಪಗೆ ಕಾದು ಕಪ್ಪಾಗುತ್ತಿತ್ತು, ಕರಗುತ್ತಿರಲಿಲ್ಲ. ತಾಮ್ರ ಕರಗಲು 1,085 ಡಿಗ್ರಿ ಬೇಕು, ಅಲ್ಯೂಮಿನಿಯಮ್ಮಿಗೆ 660 ಸಾಕು. ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ ಇದ್ದ ಆ ವೈರಿನ ಬೆಲೆ ಮೀಟರಿಗೆ ಹದಿನೆಂಟು ರೂಪಾಯಿ. “ವೈರ್ ಅಂದ್ರ ವೈರೇ ಅದ ಸರ್, ಹಬ್ಬ ಮುಗಿಯೋತನ ನಡೀತದ” ಎಂದು ಅಂಗಡಿಯವರು ಹೇಳಿದರು. ಹಬ್ಬ ಮುಗಿಯುವ ತನಕ ನಡೆಯುವ ವೈರಿನ ಗತಿ ಪೆಟ್ಟಿಗೆಯಲ್ಲಿ ನೋಡಿ ಬಂದಿದ್ದೆವು.

ಬೇರೆ ಅಂಗಡಿಯಲ್ಲಿ ನೋಡಿದ ಮೂರೆಳೆಯ ದುಂಡು ಕೇಬಲ್ಲಿನ ಮೈಮೇಲೆ ತಯಾರಕರ ಹೆಸರು, ‘ಐಎಸ್ 694’, ಎಳೆಗಳ ಸಂಖ್ಯೆ, 1.5 ಚದರ ಮಿಲಿಮೀಟರ್ ಎಂಬ ಅಳತೆ, ಐಎಸ್‌ಐ ಗುರುತು ಮತ್ತು ಪರವಾನಗಿ ಸಂಖ್ಯೆ ಮುದ್ರಿತವಾಗಿದ್ದವು. ವೈರು ಮತ್ತು ಕೇಬಲ್ಲಿಗೆ ಈ ಗುರುತು 2003ರ ಗುಣಮಟ್ಟ ನಿಯಂತ್ರಣ ಆದೇಶದಿಂದ ಕಡ್ಡಾಯ. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಆದ್ದರಿಂದ ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಪರವಾನಗಿ ಸಂಖ್ಯೆಯನ್ನು ಹಾಕಿ, ತಯಾರಕರ ಹೆಸರು ಮತ್ತು ವಸ್ತು ಎರಡೂ ಹೊಂದುತ್ತವೆಯೇ ಎಂದು ಅಂಗಡಿಯಲ್ಲೇ ನೋಡಲಾಯಿತು.

ಅದರ ಮೇಲೂ ಒಂದು ಸರಳ ಪರೀಕ್ಷೆ ಉಳಿದಿತ್ತು, ತಕ್ಕಡಿ. 1.5 ಚದರ ಮಿಲಿಮೀಟರಿನ ಮೂರು ಎಳೆಗಳಿರುವ 100 ಮೀಟರಿನ ಕಾಯಿಲಿನಲ್ಲಿ ತಾಮ್ರವೇ ನಾಲ್ಕು ಕಿಲೋ ಇರಬೇಕು. ಪಿವಿಸಿ ಸೇರಿದ ಮೇಲೆ ತೂಕ ಅದಕ್ಕಿಂತ ಎಷ್ಟೋ ಹೆಚ್ಚಾಗಬೇಕು. ಒಳಗೆ ಅಲ್ಯೂಮಿನಿಯಂ ಇದ್ದರೆ ಆ ನಾಲ್ಕು ಕಿಲೋ ಜಾಗದಲ್ಲಿ ಒಂದೂಕಾಲು ಕಿಲೋದ ಆಸುಪಾಸು ಇರುತ್ತದೆ. ಇದೇ ಲೆಕ್ಕವನ್ನು ಬೆಲೆಗೂ ಹಚ್ಚಬಹುದು. ಈ ಕೇಬಲ್ಲಿನ ಒಂದು ಮೀಟರಿನಲ್ಲಿ 40 ಗ್ರಾಂ ತಾಮ್ರವಿದೆ. ಅಂದಿನ ತಾಮ್ರದ ದರದಲ್ಲಿ 40 ಗ್ರಾಮಿಗೆ ಎಷ್ಟಾಗುತ್ತದೋ ಅದಕ್ಕಿಂತ ಕಡಿಮೆಗೆ ಯಾರಾದರೂ ಇಡೀ ಕೇಬಲ್ಲನ್ನೇ ಕೊಡುತ್ತೇನೆಂದರೆ ಅದರಲ್ಲಿ ಅಷ್ಟು ತಾಮ್ರವಿಲ್ಲ. ಬ್ರ್ಯಾಂಡಿನ ಹೆಸರು ಗೊತ್ತಿಲ್ಲದವರಿಗೂ ಈ ಅಳತೆಗೋಲು ಸಾಕು.

ಕಂಬದಿಂದ ಮೀಟರಿಗೆ ಎಳೆಯುವ ಅಲ್ಯೂಮಿನಿಯಮ್ಮಿನ ಸರ್ವಿಸ್ ವೈರಿನ ಬಗ್ಗೆಯೂ ಚರ್ಚೆಯಾಯಿತು. 4 ಚದರ ಮಿಲಿಮೀಟರಿನ ಎರಡೆಳೆ ವೈರು ತಾಮ್ರದ ಕೇಬಲ್ಲಿಗಿಂತ ಬಹಳ ಅಗ್ಗ, ರೋಧವೂ ಕಿಲೋಮೀಟರಿಗೆ ಏಳೂವರೆ ಓಮಿನ ಹತ್ತಿರ, ಲೆಕ್ಕದಲ್ಲಿ ಉತ್ತಮವೇ. ಅದು ಪ್ರಾಮಾಣಿಕವಾಗಿ ತನ್ನನ್ನು ಅಲ್ಯೂಮಿನಿಯಂ ಎಂದೇ ಹೇಳಿಕೊಳ್ಳುವ ಮಾಲು, ತಾಮ್ರದ ವೇಷ ಹಾಕಿದ್ದಲ್ಲ. ಆದರೂ ಅದನ್ನು ಬಿಡಲು ಎರಡು ಕಾರಣಗಳಿದ್ದವು: ಪ್ರತಿ ವರ್ಷ ಬಿಚ್ಚಿ ಸುತ್ತುವ ಕೆಲಸಕ್ಕೆ ಗಟ್ಟಿ ತಂತಿ ಒಗ್ಗದೆ ಬಾಗಿದಲ್ಲೇ ಮುರಿಯುತ್ತದೆ, ಮತ್ತು ಅದರಲ್ಲಿ ಅರ್ಥ್ ಎಳೆ ಇಲ್ಲ. ಹಿಂದಿನ ವರ್ಷದ ಕಮಾನನ್ನು ಕಂಡ ಮೇಲೆ ಮೂರನೇ ಎಳೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳುವ ಮನಸ್ಸು ಯಾರಿಗೂ ಇರಲಿಲ್ಲ.

ಅಂತಿಮ ಬಿಲ್ಲಿನಲ್ಲಿ, ಶೇ. 18ರ ಜಿಎಸ್‌ಟಿ ಸೇರಿ, 1.5 ಚದರ ಮಿಲಿಮೀಟರಿನ 100 ಮೀಟರ್ ಕೇಬಲ್ಲಿಗೆ ₹7,200, 1 ಚದರ ಮಿಲಿಮೀಟರಿನ 40 ಮೀಟರಿಗೆ ₹2,000, ವಿದ್ಯುತ್ ಸೋರಿದರೆ ಕಡಿಯುವ ಎರಡು ಆರ್‌ಸಿಸಿಬಿಗೆ ₹3,800, ನಾಲ್ಕು ಎಂಸಿಬಿಗೆ ₹720, ಅವುಗಳ ಪೆಟ್ಟಿಗೆಗಳಿಗೆ ₹1,100, ನೀರು ತಡೆಯುವ ಜಂಕ್ಷನ್ ಬಾಕ್ಸುಗಳಿಗೆ ₹1,120, ಸಾಕೆಟ್ ಮತ್ತು ಪಿನ್ ಟಾಪಿಗೆ ₹1,300, ವೈರು ಬಾಕ್ಸಿನೊಳಗೆ ಹೋಗುವ ತೂತನ್ನು ಬಿಗಿಯುವ ಗ್ಲ್ಯಾಂಡು, ಪ್ಲಾಸ್ಟಿಕ್ ಟೈಗಳಿಗೆ ₹400, ಒಟ್ಟು ₹17,640 ಆಯಿತು. ಒಂದೂ ಸಿದ್ಧ ಎಕ್ಸ್‌ಟೆನ್ಷನ್ ಬೋರ್ಡು ಪಟ್ಟಿಯಲ್ಲಿಲ್ಲ. ಕೇಬಲ್ಲಿಗೆ ನಮ್ಮದೇ ಸಾಕೆಟ್ ಬಾಕ್ಸುಗಳನ್ನು ಜೋಡಿಸಿ, ಬೇಕಾದ ಉದ್ದಕ್ಕೆ ಬೇಕಾದಲ್ಲಿ ಕೊನೆ ಕೊಟ್ಟುಕೊಂಡೆವು.

ಜಂಬಿಟ್ಟಿಗೆ ನೆಲ ಮತ್ತು ಅರ್ಥಿಂಗ್

ಆರ್‌ಸಿಸಿಬಿಗೆ ₹3,800 ಏಕೆ ಎಂಬ ಪ್ರಶ್ನೆ ಸಭೆಯಲ್ಲಿ ಬಂತು. ಅದಕ್ಕೆ ಬೀದರಿನ ನೆಲವೇ ಉತ್ತರ. ನಮ್ಮ ಊರು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಈ ಕಲ್ಲಿನ ಮೇಲ್ಪದರದಲ್ಲಿ ನೀರು ನಿಲ್ಲುವುದಿಲ್ಲ, ಬಸಿದು ಕೆಳಗೆ ಹೋಗುತ್ತದೆ. ಬಹಮನಿ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ನೌಬಾದಿನ ಸುರಂಗ ಬಾವಿಯನ್ನು ಕೊರೆದದ್ದು ಹೀಗೆ ಆಳಕ್ಕಿಳಿದ ನೀರನ್ನು ಹಿಡಿಯಲೆಂದೇ. ಒಣ ಜಂಬಿಟ್ಟಿಗೆಯಲ್ಲಿ ಹೂತ ಅರ್ಥಿಂಗ್ ಕೊಳವೆಗೆ ನೆಲದ ಸಂಪರ್ಕ ಬಹಳ ದುರ್ಬಲ. ಚರ್ಚಿನ ಹಳೆಯ ಅರ್ಥ್ ಗುಂಡಿಯನ್ನು ಅಳೆದಾಗ ರೋಧ 60 ಓಮಿನ ಮೇಲಿತ್ತು. ಈ ಸ್ಥಿತಿಯಲ್ಲಿ ಫೇಸ್ ಎಳೆ ಅರ್ಥಿಗೆ ತಾಗಿದರೆ ಹರಿಯುವುದು ನಾಲ್ಕು ಆಂಪಿಯರಿಗಿಂತ ಕಡಿಮೆ, 6 ಆಂಪಿಯರಿನ ಎಂಸಿಬಿ ಅಲುಗಾಡುವುದೂ ಇಲ್ಲ. ಆರ್‌ಸಿಸಿಬಿಯ ಕೆಲಸ ಬೇರೆ. ಹೋದ ವಿದ್ಯುತ್ತೂ ಮರಳಿ ಬಂದ ವಿದ್ಯುತ್ತೂ ಸಮವೇ ಎಂದು ಅದು ಸದಾ ತೂಗುತ್ತಿರುತ್ತದೆ, 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಕಡಿದುಬಿಡುತ್ತದೆ. ಅದಕ್ಕೆ ಆ ನಾಲ್ಕು ಆಂಪಿಯರ್ ನೂರು ಪಟ್ಟಿಗಿಂತ ಹೆಚ್ಚಿನ ಸೂಚನೆ. ನೆಲ ಕೈಕೊಡುವ ಊರಿನಲ್ಲಿ ಎಂಸಿಬಿ ಈ ಕೆಲಸ ಮಾಡಲಾರದು.

ಅಂಗಡಿಯಲ್ಲಿ ‘ಎಸಿ’ ಮತ್ತು ‘ಎ’ ಎಂಬ ಎರಡು ಬಗೆಯ ಆರ್‌ಸಿಸಿಬಿಗಳು ಸಿಗುತ್ತವೆ. ಎಲ್‌ಇಡಿಗಳೊಳಗಿನ ಎಲೆಕ್ಟ್ರಾನಿಕ್ ಭಾಗದಿಂದ ಸೋರುವ ಕರೆಂಟ್ ಯಾವಾಗಲೂ ಶುದ್ಧ ಅಲೆಯಾಗಿರುವುದಿಲ್ಲ, ಅದನ್ನೂ ಗುರುತಿಸಬಲ್ಲ ‘ಎ’ ಬಗೆಯನ್ನೇ ಕೇಳಿ ತರಿಸಲಾಯಿತು. ಅರ್ಥ್ ಗುಂಡಿಗೆ ನೀರು ಹಾಕಿಸುವ ಕೆಲಸವನ್ನು ಡಿಸೆಂಬರಿನ ಉದ್ದಕ್ಕೂ ಚರ್ಚಿನ ಕಾವಲುಗಾರರಿಗೆ ವಹಿಸಲಾಯಿತು. ಕಮಾನಿನ ಕಬ್ಬಿಣಕ್ಕೆ ಬೋಲ್ಟಿನಿಂದ ಅರ್ಥ್ ಎಳೆಯನ್ನು ಕಟ್ಟಲಾಯಿತು.

ಇಬ್ಬನಿಯ ರಾತ್ರಿ

ಬೀದರಿನಲ್ಲಿ ಡಿಸೆಂಬರಿನಲ್ಲಿ ಮಳೆ ಅಪರೂಪ, ಆದರೆ ಚಳಿ ರಾಜ್ಯದಲ್ಲೇ ಹೆಚ್ಚು ಇರುವ ಊರುಗಳಲ್ಲಿ ಇದೂ ಒಂದು. ಇಲ್ಲಿ ನೀರು ಇಬ್ಬನಿಯಾಗಿ ಬರುತ್ತದೆ, ಬೆಳಗ್ಗೆ ಅಂಗಳಕ್ಕೆ ಹೊಡೆಯುವ ನೀರಾಗಿ ಬರುತ್ತದೆ. ಅದಕ್ಕಾಗಿ ಎಲ್ಲ ಸಾಕೆಟ್ ಬಾಕ್ಸುಗಳನ್ನು ನೆಲದಿಂದ ಮೊಳದ ಎತ್ತರಕ್ಕೆ ಕಟ್ಟಿ, ವೈರು ಬಾಕ್ಸಿನ ಕೆಳಗಿನಿಂದ ಒಳಹೋಗುವಂತೆ ಮಾಡಿ, ಒಳಹೋಗುವ ಮುನ್ನ ಒಂದು ಜೋಲು ಬಿಡಲಾಗಿತ್ತು. ವೈರಿನ ಮೇಲೆ ಹರಿದು ಬಂದ ಹನಿ ಆ ಜೋಲಿನ ತಳದಲ್ಲೇ ತೊಟ್ಟಿಕ್ಕುತ್ತದೆ. ಕಟ್ಟಲು ಬೈಂಡಿಂಗ್ ವೈರನ್ನು ಬಳಸಲೇ ಇಲ್ಲ. ಅದು ಗಾಳಿಗೆ ಉಜ್ಜುತ್ತ ಪಿವಿಸಿಯನ್ನು ಕೊಯ್ಯುತ್ತದೆ.

ಇಷ್ಟಾದರೂ ಹಬ್ಬಕ್ಕೆ ಮುಂಚಿನ ವಾರದ ಒಂದು ರಾತ್ರಿ ಚರ್ಚಿನ ಪೆಟ್ಟಿಗೆಯ ಆರ್‌ಸಿಸಿಬಿ ಬಿದ್ದು ಎಲ್ಲವೂ ಕತ್ತಲಾಯಿತು. ಎತ್ತಿದರೆ ಮತ್ತೆ ಬಿತ್ತು. ಅದನ್ನು ಬೈಪಾಸ್ ಮಾಡಿ ನೇರ ಕೊಟ್ಟುಬಿಡೋಣ, ಹಬ್ಬದ ಹೊತ್ತಿನಲ್ಲಿ ಕತ್ತಲೆ ಬೇಡ ಎಂಬ ಒತ್ತಾಯ ಬಲವಾಗಿಯೇ ಇತ್ತು. ಇಂಥ ಸಾಧನಗಳ ಹಣೆಬರಹ ತೀರ್ಮಾನವಾಗುವುದು ಅಂಗಡಿಯಲ್ಲಿ ಅಲ್ಲ, ಅದು ಮೊದಲ ಬಾರಿ ಬಿದ್ದ ರಾತ್ರಿಯಲ್ಲಿ. ಸಮಿತಿಯ ಕಾರ್ಯದರ್ಶಿ ಒಪ್ಪದೆ, ಬೆಳಕು ಬರುವವರೆಗೆ ಆರಿರಲಿ ಎಂದರು. ಬೆಳಗ್ಗೆ ಎಲ್ಲ ಪಿನ್ನುಗಳನ್ನು ಕಿತ್ತು, ಒಂದೊಂದಾಗಿ ಮರಳಿ ಹಾಕುತ್ತ ಹೋದಾಗ, ಬೇವಿನ ಮರದ ಬುಡದಲ್ಲಿ ಮಲಗಿದ್ದ ಸೀರಿಯಲ್ ಸೆಟ್ಟೊಂದರ ಕಂಟ್ರೋಲರ್ ಡಬ್ಬಿಗೆ ಬಂದಾಗ ಬಿತ್ತು. ಡಬ್ಬಿಯ ಸೀಳಿನೊಳಗೆ ನೀರು ನಿಂತಿತ್ತು, ಪಕ್ಕದಲ್ಲೇ ಮರಕ್ಕೆ ಸುತ್ತಿದ್ದ ತಂತಿಜಾಲರಿಯ ಮೂಲಕ ಸೋರಿಕೆ ನೆಲಕ್ಕೆ ಹೋಗುತ್ತಿತ್ತು. ಆ ಜಾಲರಿಯ ಪಕ್ಕದಲ್ಲಿ ಮಕ್ಕಳು ಗೋದಲಿ ನೋಡಲು ನಿಲ್ಲುತ್ತಾರೆ. ಬೈಪಾಸಿನ ಮಾತು ಮತ್ತೆ ಬರಲಿಲ್ಲ.

ಅದರ ನಂತರ ಎಲ್ಲ ಕಂಟ್ರೋಲರ್ ಡಬ್ಬಿಗಳನ್ನು ನೆಟ್ಟಗೆ ತೂಗುಹಾಕಿ, ಅಡಿ ಕತ್ತರಿಸಿದ ನೀರಿನ ಬಾಟಲಿಗಳನ್ನು ಮೇಲೆ ಕವಚವಾಗಿ ಇಳಿಬಿಡಲಾಯಿತು. ಕೆಳಗಿನ ಬಾಯಿಯನ್ನು ಬೇಕೆಂದೇ ತೆರೆದಿಡಲಾಯಿತು. ಟೇಪಿನಿಂದ ಪೂರ್ತಿ ಮುಚ್ಚಿದರೆ ಒಳಗೆ ಬೆವರಿದ ನೀರು ಹೊರಹೋಗುವುದಿಲ್ಲ. ಹೊಸ ವರ್ಷದವರೆಗೆ ಆರ್‌ಸಿಸಿಬಿ ಮತ್ತೆ ಬೀಳಲಿಲ್ಲ. ಟೆಸ್ಟ್ ಗುಂಡಿಯನ್ನು ಪ್ರತಿ ಭಾನುವಾರ ಒತ್ತಿ ನೋಡಲಾಗುತ್ತಿತ್ತು.

ಬಗೆಹರಿಯದೆ ಉಳಿದದ್ದು ಸೀರಿಯಲ್ ಸೆಟ್ಟುಗಳು. ಐವತ್ತರಲ್ಲಿ ಹೆಚ್ಚಿನವುಗಳ ಮೇಲೆ ತಯಾರಕರ ಹೆಸರಾಗಲಿ, ಬಿಐಎಸ್ ನೋಂದಣಿಯ ‘ಆರ್’ ಸಂಖ್ಯೆಯಾಗಲಿ ಇರಲಿಲ್ಲ, ಅವುಗಳ ವೈರು ಕೂದಲಿಗಿಂತ ಸ್ವಲ್ಪ ದಪ್ಪವಷ್ಟೇ. ಕೇಬಲ್ಲಿನ ಖರ್ಚು ಇನ್ನು ಹಲವು ವರ್ಷ ಬಾರದಿರುವುದರಿಂದ ಮುಂದಿನ ವರ್ಷದ ಹಣದಲ್ಲಿ ಮೊದಲು ಮಕ್ಕಳ ಕೈಗೆಟಕುವ ಜಾಗದ ಸೆಟ್ಟುಗಳನ್ನು, ಅಂದರೆ ಗೋದಲಿ ಮತ್ತು ಬೇವಿನ ಮರದ ಕೆಳಗಿನವುಗಳನ್ನು, ನೋಂದಣಿ ಇರುವ ಕಡಿಮೆ ವೋಲ್ಟಿನ ಅಡಾಪ್ಟರ್ ಸೆಟ್ಟುಗಳಿಗೆ ಬದಲಿಸುವುದೆಂದು ಸಮಿತಿ ಗೊತ್ತುವಳಿ ಬರೆದಿದೆ. ಮೂರೂ ಕೇಬಲ್ಲುಗಳನ್ನು ಒರೆಸಿ, ದೊಡ್ಡ ಸುರುಳಿಗಳಾಗಿ ಸುತ್ತಿ, ಇಲಿ ಹೋಗದ ತಗಡಿನ ಪೆಟ್ಟಿಗೆಯಲ್ಲಿಟ್ಟು, ಪ್ರತಿಯೊಂದರ ಉದ್ದ, ಅಳತೆ ಮತ್ತು ಮಲ್ಟಿಮೀಟರಿನಲ್ಲಿ ಅಳೆದ ರೋಧವನ್ನು ಬರೆದ ಚೀಟಿಯನ್ನು ಕಟ್ಟಲಾಗಿದೆ. ಮುಂದಿನ ನವೆಂಬರಿನಲ್ಲಿ ಬಿಚ್ಚಿ ಅಳೆದಾಗ ಅಂಕಿ ಏರಿದ್ದರೆ ಒಳಗೆಲ್ಲೋ ಎಳೆ ಮುರಿದಿದೆ ಅಥವಾ ಜೋಡಣೆ ಸಡಿಲಾಗಿದೆ ಎಂದು ತಿಳಿಯುತ್ತದೆ, ಆ ಕೇಬಲ್ಲನ್ನು ಪರಿಶೀಲಿಸದೆ ಕಟ್ಟುವಂತಿಲ್ಲ.